ಉಸಿರಿನ ಮೇಲೆ ಕಟ್ಟಿದ ಮಾತು

ಆ ಊರಿನಲ್ಲಿ ಪಣಕ್ಕೆ ಇಡಬಹುದಾಗಿದ್ದದ್ದು ಮಾತೊಂದೇ. ಚಿನ್ನ ಇಡುವಂತಿರಲಿಲ್ಲ, ನೆಲ ಇಡುವಂತಿರಲಿಲ್ಲ, ದನಕರು ಇಡುವಂತಿರಲಿಲ್ಲ. ಪಣ ಕಟ್ಟುವವರು ತಮ್ಮ ಬಾಯಿಯಲ್ಲಿದ್ದ ಪದಗಳಲ್ಲಿ ಒಂದನ್ನು ಆರಿಸಿ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿ, ಕಟ್ಟುತ್ತಿದ್ದರು. ಗೆದ್ದರೆ ಆ ಪದ ಹಿಂದಿರುಗುತ್ತಿತ್ತು, ಬರುವಾಗ ಬೇರೆಯವರ ಪದವನ್ನೂ ಕರೆದುಕೊಂಡು ಬರುತ್ತಿತ್ತು. ಸೋತರೆ ಅದು ಆ ನಾಲಿಗೆಗೆ ಮತ್ತೆ ಹತ್ತುತ್ತಿರಲಿಲ್ಲ. ಬೇರೆಯವರು ಅಂದರೆ ಕೇಳಿಸುತ್ತಿತ್ತು, ಅರ್ಥವೂ ಆಗುತ್ತಿತ್ತು. ತಾನು ಅನ್ನಲು ಹೋದರೆ ಮಾತ್ರ ಬಾಯಿ ತೆರೆದು ಹಾಗೇ ನಿಲ್ಲುತ್ತಿತ್ತು, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ.

ಊರಿನ ಮೂಡಣಕ್ಕೆ ಕುದುರೆಗಳ ಬಯಲು. ಬಯಲಿನ ನಡುವೆ ಒಂದು ಹಿತ್ತಾಳೆ ಕೊಪ್ಪರಿಗೆ. ಓಟದ ದಿನ ಜನ ಒಬ್ಬೊಬ್ಬರಾಗಿ ಬಂದು, ಕೊಪ್ಪರಿಗೆಯ ಮೇಲೆ ಬಗ್ಗಿ, ಕುದುರೆಯ ಹೆಸರು ಹೇಳಿ, ತಮ್ಮ ಪದ ಹೇಳುತ್ತಿದ್ದರು. "ಗುಡುಗಿನ ಮೇಲೆ, ಜಗಲಿ." "ಸೋಬಾನೆಯ ಮೇಲೆ, ಹುಣಿಸೆ." ಓಟ ಮುಗಿದ ಮೇಲೆ ಕೊಪ್ಪರಿಗೆಯಲ್ಲಿದ್ದದ್ದೆಲ್ಲ ಗೆದ್ದವರಿಗೆ ಹಂಚಿಕೆ. ಓಟಕ್ಕೆ ಅಡ್ಡ ಕಟ್ಟಿದ ಹಗ್ಗ ಬೀಳುವ ತನಕ ಯಾರಿಗೆ ಎಷ್ಟು ಸಿಗುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರಿಗೆ ಊರೇ ಒಂದು ಕುದುರೆಯ ಹಿಂದೆ ಬಿದ್ದ ದಿನ ಹಂಚಿಕೊಳ್ಳಲು ಪದಗಳೇ ಸಾಲದೆ, ಒಬ್ಬರಿಗೆ "ಮಲ್ಲಿ" ಸಿಕ್ಕರೆ ಇನ್ನೊಬ್ಬರಿಗೆ "ಗೆ" ಸಿಕ್ಕಿದ್ದೂ ಉಂಟು.

ನೇಯುವವಳು ಆ ಬಯಲನ್ನು ತಾಯಿಯ ಸೊಂಟದ ಮೇಲಿಂದ ಮೊದಲು ನೋಡಿದವಳು. ಮದುವೆಯಾದ ಮೇಲೆ ಅತ್ತೆಯ ಜೊತೆ ಹೋಗುತ್ತಿದ್ದಳು. ಅತ್ತೆ ಮಾತಿನ ಮಲ್ಲಿ. ಕುದುರೆಯ ಕಿವಿ ನೋಡಿ, ಗೊರಸು ನೋಡಿ, ನಿನ್ನೆಯ ಮಳೆಗೆ ನೆಲ ಎಷ್ಟು ಮೆತ್ತಗಾಗಿದೆಯೆಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಕಟ್ಟುತ್ತಿದ್ದಳು. ಗೆದ್ದರೆ ಬೀದಿಯುದ್ದಕ್ಕೂ ಕೊಚ್ಚಿಕೊಳ್ಳುತ್ತಿದ್ದಳು. ಸೋತರೆ ಲಾಯದವಳ ಜೊತೆ ಜಗಳ. ಒಂದೇ ಪದ ಎರಡು ಪಾಲು ಇದ್ದವರ ಬಾಯಲ್ಲಿ ಅದಕ್ಕೆ ರುಚಿ ಹೆಚ್ಚು. ಅತ್ತೆ ತನ್ನದರ ಜೊತೆಗೆ ಎಲ್ಲಿಂದಲೋ ಇನ್ನೊಂದು ಪಾಲು ಗೆದ್ದು ತಂದಿದ್ದ "ಮಳೆ" ಎಂಬ ಪದ ಆಡಿದರೆ ಕೇಳಿದವರ ಮೈ ತಣ್ಣಗಾಗುತ್ತಿತ್ತು.

ಒಂದು ಸಲ ನೇಯುವವಳು "ಅರಿಶಿನ" ಕಟ್ಟಿ ಸೋತಳು. ಅದು ಪಕ್ಕದ ಮನೆಯವಳ ಪಾಲಾಯಿತು. ಪಕ್ಕದ ಮನೆಯವಳು ಗೋಡೆಯಾಚೆ ನಿಂತು ಬೇಕೆಂದೇ "ಅರಿಶಿನ, ಅರಿಶಿನ" ಎಂದು ಹಾಡುತ್ತಿದ್ದಳು; ಈಚೆ ನೇಯುವವಳು "ಆ ಹಳದಿಯದ್ದು" ಎಂದು ಕೈಯಾಡಿಸುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಆಮೇಲೆ ಪಕ್ಕದ ಮನೆಯವಳಿಗೆ ಕೂಸು ಹುಟ್ಟಿದಾಗ, ಬಾಣಂತಿಗೆ ನೇಯುವವಳು ಹಾಸಲು ಬಟ್ಟೆ ಕೊಟ್ಟಳು. ಬಾಣಂತಿ ಮುಯ್ಯಿಗೆ ಅರಿಶಿನವನ್ನು ಕೊಟ್ಟು ಕಳಿಸಿದಳು. ಹೀಗೆ ಪದಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದವು, ಬರುತ್ತಿದ್ದವು. ಊರು ಬಿಟ್ಟು ಹೋಗುತ್ತಿರಲಿಲ್ಲ.

ಪ್ರತಿ ಓಟದಲ್ಲೂ ಒಂದೇ ಒಂದು ಪದ ಲಾಯದವಳಿಗೆ ಸಲ್ಲಬೇಕು, ಕುದುರೆ ಸಾಕಿದ್ದಕ್ಕೆ. ಹುಟ್ಟಿದ ಮರಿಗಳಿಗೆ ಅವಳು ಅದನ್ನೇ ಹೆಸರಿಡುತ್ತಿದ್ದಳು. ಅದಕ್ಕೇ ಆ ಊರಿನ ಕುದುರೆಗಳಿಗೆ ಗುಡುಗು, ಬೆಣ್ಣೆ, ಸೋಬಾನೆ ಎಂಬ ಹೆಸರು. ಆ ಊರಿನ ಮನುಷ್ಯರನ್ನು ಮಾತ್ರ ಅವರ ಕೆಲಸದಿಂದಲೇ ಕರೆಯುತ್ತಿದ್ದರು.

ಕುದುರೆಗೆ ಏನೂ ತಿಳಿಯದು. ತನ್ನ ಬೆನ್ನಿನ ಮೇಲೆ ಯಾರ ಜಗಲಿ ಇದೆ, ಯಾರ ಹುಣಿಸೆ ಇದೆ ಎಂದು ತಿಳಿಯದು. ಹಗ್ಗ ಬಿದ್ದರೆ ಓಡಿತು. ಓಡಿ ನೀರು ಕುಡಿಯಿತು. ನೀರು ಕುಡಿದು ಬಾಲ ಬೀಸಿತು.

ದರದವನು ಬಂದದ್ದು ಪಡುವಣದಿಂದ. ಅವನ ಹತ್ತಿರ ಒಂದು ಕರಿಹಲಗೆ, ಒಂದಿಷ್ಟು ಗೋಣಿಚೀಲ, ಒಂದು ಬಂಡಿ. ಮೃದುವಾಗಿ ಮಾತಾಡುವವನು. ಅವನು ಬಂದು ಕುದುರೆಯ ಬಯಲಿಗೆ ಹೋಗಲಿಲ್ಲ. ಊರ ಹುಡುಗರು ಸಂಜೆ ಹೊತ್ತು ಗೆರೆಯಾಟ ಆಡುತ್ತಿದ್ದ ಮಣ್ಣಿನ ಅಂಕಣಕ್ಕೆ ಹೋಗಿ ನಿಂತ.

ಗೆರೆಯಾಟ ಆ ಊರಿನಲ್ಲಿ ಬಹಳ ಹಿಂದಿನಿಂದ ಇತ್ತು. ನಡುವೆ ಒಂದು ಗೆರೆ, ಆಚೆ ಒಂದು ಕಡೆಯವರು, ಈಚೆ ಒಂದು ಕಡೆಯವರು. ಒಬ್ಬ "ಹುತುತುತು" ಎಂದು ಒಂದೇ ಉಸಿರು ಹಿಡಿದು ಗೆರೆ ದಾಟಬೇಕು, ಆಚೆಯವನೊಬ್ಬನನ್ನು ಮುಟ್ಟಬೇಕು, ಉಸಿರು ಕಡಿಯುವ ಮೊದಲು ಈಚೆ ಬರಬೇಕು. ಆಚೆಯ ನೆಲದಲ್ಲಿ ಉಸಿರು ಬಿಟ್ಟರೆ ಸೋಲು. ಅದರ ಮೇಲೆ ಯಾರೂ ಯಾವತ್ತೂ ಏನೂ ಕಟ್ಟಿರಲಿಲ್ಲ. ನೇಯುವವಳ ಗಂಡ ಅದರಲ್ಲಿ ಎಲ್ಲರಿಗಿಂತ ಗಟ್ಟಿಗ. ಅವನನ್ನು ಊರು ಗೆರೆ ದಾಟುವವನು ಎಂದೇ ಕರೆಯುತ್ತಿತ್ತು.

"ಏಳೆಂಟು ಕುದುರೆಗಳಲ್ಲಿ ಒಂದನ್ನು ಆರಿಸೋದು ಕುರುಡಾಟ," ಎಂದ ದರದವನು ಜನರಿಗೆ. "ಅದರ ಹೊಟ್ಟೆ ನೋಯ್ತಿದ್ದರೆ ನಿಮಗೆ ಹೇಳುತ್ತದೆಯೇ? ಇಲ್ಲಿರೋದು ಎರಡೇ ಕಡೆ. ಆಡೋವನು ನಿಮ್ಮ ಕಣ್ಣೆದುರು ಬೆಳೆದವನು. ಅಲ್ಲಿ ನೀವು ನಿಮ್ಮ ನೆರೆಯವರ ಬಾಯಿಂದಲೇ ಕಿತ್ತುಕೊಳ್ತೀರಿ. ಇಲ್ಲಿ ನನ್ನಿಂದ ಕಿತ್ತುಕೊಳ್ಳಿ. ಒಂದು ಪದಕ್ಕೆ ಎಷ್ಟು ಪದ ಅಂತ ಇಂದು ದರ ಬರೆದರೆ ಬರೆದದ್ದೇ. ಆಮೇಲೆ ಊರೆಲ್ಲ ಬಂದು ಕಟ್ಟಿದರೂ ನಿಮ್ಮ ಪಾಲು ಕರಗೋದಿಲ್ಲ."

ಜನರಿಗೆ ಇದು ಹಿಡಿಸಿತು. ತಮ್ಮ ಹುಡುಗ, ತಮಗೆ ಗೊತ್ತಿರುವ ಹುಡುಗ, ಮೊದಲೇ ತಿಳಿದ ದರ. ಮೊದಲ ದಿನಗಳಲ್ಲಿ ತುಂಬ ಜನ ಗೆದ್ದರು ಕೂಡ. ದರದವನು ನಗುನಗುತ್ತ ಚೀಲದಿಂದ ತೆಗೆದು ಕೊಟ್ಟ, ಬೇರೆ ಊರುಗಳ ಪದಗಳನ್ನು, ಕೇಳಿರದ ಹಣ್ಣುಗಳ ಹೆಸರನ್ನು, ಕಂಡಿರದ ಹಕ್ಕಿಗಳ ಹೆಸರನ್ನು.

ಅವನು ಒಂದು ಕಟ್ಟಳೆ ಮಾಡಿದ. ಆಡುವವನು ಗೆರೆ ದಾಟುವ ಮೊದಲು, ಕೂಗುವವನೊಬ್ಬ ಕಲ್ಲಿನ ಮೇಲೆ ನಿಂತು, ಯಾರು ಯಾವ ಪದ ಕಟ್ಟಿದ್ದಾರೆಂದು ಅವನಿಗೆ ಕೇಳುವಂತೆ ಕೂಗಬೇಕು. "ಆಡೋವನಿಗೆ ಹುರುಪು ಬರಲಿ ಅಂತ," ಎಂದ.

ಹುರುಪು ಬರಲಿಲ್ಲ. ಬೇರೆ ಏನೋ ಬಂತು.

ಮೊದಲು ಗೆರೆ ದಾಟುವವನು ಬೀದಿಯಲ್ಲಿ ನಡೆದರೆ ಜನ "ಏನಪ್ಪಾ, ಊಟ ಆಯ್ತಾ?" ಎನ್ನುತ್ತಿದ್ದರು. ಈಗ ಬಾಗಿಲಿಗೇ ಬರತೊಡಗಿದರು. ಗಾಣದವನು ಬಂದು ಹೇಳಿದ, "ನಾಳೆ ನಿನ್ನ ಮೇಲೆ 'ಎಣ್ಣೆ' ಕಟ್ಟಿದ್ದೇನೆ. ಸೋತರೆ ಗಾಣದ ಮುಂದೆ ನಿಂತು ಏನಂತ ಕೂಗಲಿ, ನೀನೇ ಹೇಳು." ಪಕ್ಕದ ಮನೆಯವಳು ಬಂದು ಹೇಳಿದಳು, "ನಿನ್ನ ಮೇಲೆ 'ಕೂಸು' ಕಟ್ಟಿದ್ದೇನೆ. ಸರಿಯಾಗಿ ತಿನ್ನು." ಅವನು ತುತ್ತು ಕೈಯಲ್ಲಿ ಹಿಡಿದು ಕೂರುತ್ತಿದ್ದ. ಎಷ್ಟೋ ಹೊತ್ತಿಗೆ ಮತ್ತೆ ಎಲೆಗೆ ಇಳಿಸುತ್ತಿದ್ದ. ಮಲಗಿದರೂ ಅವನ ಎದೆ ಉಸಿರು ಹಿಡಿದೇ ಇರುತ್ತಿತ್ತು. ನೇಯುವವಳು ಅದರ ಮೇಲೆ ಕೈಯಿಟ್ಟರೆ ಒಳಗೆ ಯಾರೋ ಬಾಗಿಲು ಒತ್ತಿ ಹಿಡಿದಂತೆ ಅನಿಸುತ್ತಿತ್ತು.

ಅವನು ಗೆದ್ದ ದಿನಗಳೂ ಇದ್ದವು, ಸೋತ ದಿನಗಳೂ ಇದ್ದವು. ಗೆದ್ದವರು ಮರುದಿನ ಮತ್ತೆ ಕಟ್ಟಿದರು. ಸೋತ ಪದಗಳು ದರದವನ ಚೀಲಕ್ಕೆ ಬಿದ್ದವು. ಸಂತೆಯ ದಿನ ಬಂಡಿ ಬಂದು ಚೀಲಗಳನ್ನು ಹೊತ್ತು ಪಡುವಣಕ್ಕೆ ಹೋಯಿತು. ಗೋಡೆಯಾಚೆ ನಿಂತು ಹಾಡಿ ಅಣಕಿಸುವವರು ಇರಲಿಲ್ಲ. ಹೋದ ಪದ ಗೋಡೆಯಾಚೆಯೂ ಇರಲಿಲ್ಲ. ಊರು ನಿಧಾನವಾಗಿ ಮೆತ್ತಗಾಯಿತು. ಅಂಗಡಿಯಲ್ಲಿ ಜನ ಬೆರಳು ತೋರಿಸಿ ಸಾಮಾನು ಕೇಳತೊಡಗಿದರು.

ಎಲ್ಲರಿಗಿಂತ ಹೆಚ್ಚು ಕಟ್ಟಿದವಳು ಅತ್ತೆ. ಕುದುರೆಯ ಕಿವಿ ನೋಡುತ್ತಿದ್ದವಳು, ನೆಲ ಒತ್ತಿ ನೋಡುತ್ತಿದ್ದವಳು, ಇಲ್ಲಿ ಏನನ್ನೂ ನೋಡಲಿಲ್ಲ. "ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮೇಲೆ ಲೆಕ್ಕ ಹಾಕಿ ಕಟ್ಟಲೇನೇ?" ಎಂದಳು ಸೊಸೆಗೆ. ಜಗಲಿ ಕಟ್ಟಿದಳು, ಹೊಸ್ತಿಲು ಕಟ್ಟಿದಳು, ಮಳೆ ಕಟ್ಟಿದಳು. ಗೆದ್ದಾಗ ಗೆದ್ದದ್ದನ್ನೂ ಸೇರಿಸಿ ಕಟ್ಟಿದಳು. ಸೋತಾಗ ಉಳಿದದ್ದನ್ನು ಕಟ್ಟಿದಳು. ಮಳೆ ಹೋದ ಮೇಲೆ ಅವಳು ಆಕಾಶಕ್ಕೆ ಕೈ ತೋರಿಸಿ ಬೆರಳುಗಳನ್ನು ಕೆಳಕ್ಕೆ ಆಡಿಸುತ್ತಿದ್ದಳು. ಕೊನೆಕೊನೆಗೆ ಗೋಡೆಗೆ ಒರಗಿ ಕೂತು, ಏನು ಕೇಳಿದರೂ "ಹೂಂ" ಎನ್ನುವಷ್ಟಕ್ಕೆ ಬಂದಳು. ಗೆರೆ ದಾಟುವವನು ತಾಯಿಯ ಎದುರಿಂದ ಹಾದು ಹೋಗುವುದನ್ನು ಬಿಟ್ಟು, ಹಿತ್ತಿಲಿನಿಂದ ಒಳಗೆ ಬರತೊಡಗಿದ.

ನೇಯುವವಳು ಮಾತ್ರ ಗೆರೆಯಾಟಕ್ಕೆ ಒಂದು ಪದವನ್ನೂ ಕಟ್ಟಿರಲಿಲ್ಲ. ಕಟ್ಟಲು ಹೊರಟರೆ ಅವನ ಎದೆ ಕಣ್ಣ ಮುಂದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕುದುರೆಯ ಬಯಲಿಗೆ ಹೋದಳು. ಕೊಪ್ಪರಿಗೆಯಲ್ಲಿ ಒಣಗಿದ ಎಲೆ ಬಿದ್ದಿತ್ತು. ಲಾಯದವಳು ಗುಡುಗಿನ ಮೈ ತಿಕ್ಕುತ್ತಿದ್ದಳು. ಮುದುಕಿಯಾದರೂ ತೋಳು ಇನ್ನೂ ಗಟ್ಟಿ.

"ಯಾರೂ ಬರೋದಿಲ್ಲವಾ ಈಗ?" ಎಂದಳು ನೇಯುವವಳು.

"ನೊಣ ಬರ್ತಾವೆ." ಲಾಯದವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಇವನು ಸೋತ ದಿನ ಎಷ್ಟು ಹುಲ್ಲು ತಿಂತಿದ್ದನೋ, ಗೆದ್ದ ದಿನವೂ ಅಷ್ಟೇ ತಿಂತಿದ್ದ. ನಿನ್ನ ಗಂಡ ತಿಂತಾನಾ?"

ನೇಯುವವಳು ಗುಡುಗಿನ ಕುತ್ತಿಗೆ ಸವರಿದಳು. ಗುಡುಗು ಅವಳ ಭುಜದ ಮೇಲೆ ಬಿಸಿ ಉಸಿರು ಬಿಟ್ಟಿತು. ಎಷ್ಟು ಸುಲಭವಾಗಿ ಬಿಡುತ್ತದೆ, ಎಂದುಕೊಂಡಳು.

ಹೊಳೆಯಾಚೆಯ ಊರಿನವರ ಜೊತೆ ದೊಡ್ಡ ಆಟ ಗೊತ್ತಾಯಿತು. ಊರು ತನ್ನ ಬಾಯಿಯಲ್ಲಿ ಉಳಿದದ್ದನ್ನೆಲ್ಲ ಗೆರೆ ದಾಟುವವನ ಮೇಲೆ ಕಟ್ಟಲು ತಯಾರಾಯಿತು. ಕಳೆದದ್ದನ್ನೆಲ್ಲ ಒಂದೇ ದಿನದಲ್ಲಿ ಹಿಂದೆ ಪಡೆಯಬೇಕೆಂದು.

ಆಟದ ಹಿಂದಿನ ದಿನ ಮಧ್ಯಾಹ್ನ ಗಂಡ ಮಗ್ಗದ ಪಕ್ಕ ಬಂದು ಕೂತ.

"ದರದವನು ಕರೆಸಿದ್ದ," ಎಂದ.

ಅವಳು ಲಾಳಿ ನಿಲ್ಲಿಸಿದಳು.

"ಅಮ್ಮನ ಪದಗಳನ್ನ ಅವನು ಬಂಡಿಗೆ ಹಾಕಿಲ್ಲವಂತೆ. ಬೇರೆ ಚೀಲದಲ್ಲಿ ಇಟ್ಟಿದ್ದಾನಂತೆ. ತೋರಿಸಿದ. ಚೀಲಕ್ಕೆ ಕಿವಿ ಕೊಟ್ಟರೆ ಒಳಗೆ ಅಮ್ಮನ ದನಿಯೇ ಗುಜುಗುಜು ಅಂತದೆ ಕಣೇ. ಜಗಲಿ, ಹೊಸ್ತಿಲು, ಮಳೆ…" ಅವನು ನೂಲೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ನಾಳೆ ಆಚೆಯ ನೆಲದಲ್ಲಿ ಉಸಿರು ಬಿಟ್ಟುಬಿಡು, ಇವತ್ತಿನವರೆಗೆ ಅವಳು ಕಳಕೊಂಡಿದ್ದನ್ನೆಲ್ಲ ಕೊಡ್ತೀನಿ ಅಂದ."

"ನೀನೇನಂದೆ?"

"ಹೂಂ ಅಂದೆ."

ಮಗ್ಗದ ಮೇಲೆ ಬಿಸಿಲು ಬಿದ್ದಿತ್ತು. ಊರು ನಾಳೆ ಬಾಯಿ ಕಳೆದುಕೊಳ್ಳುತ್ತದೆ ಎಂದು ಅವಳಿಗೆ ತಿಳಿಯಿತು. ಅವನಿಗೂ ತಿಳಿದಿತ್ತು. ಒಳಗೆ ಗೋಡೆಗೆ ಒರಗಿ ಕೂತಿದ್ದ ಅತ್ತೆ ಕೆಮ್ಮಿದಳು.

ಅವನು ಎದ್ದು ಹೋದ ಮೇಲೆ ನೇಯುವವಳು ಮಗ್ಗದ ಮುಂದೆ ಕೂತು ಯೋಚಿಸಿದಳು. ಅವನ ವಿರುದ್ಧ ಕಟ್ಟಲು ಊರಿನಲ್ಲಿ ಒಬ್ಬರೂ ಇಲ್ಲ. ಅದಕ್ಕೇ ಹಲಗೆಯ ಮೇಲೆ ಅವನ ಸೋಲಿಗೆ ಒಂದಕ್ಕೆ ಹತ್ತು ಎಂದು ಬರೆದಿದೆ. ಸೋಲು ಖಂಡಿತ. ಹಾಗಾದರೆ ಇದು ಪಣವೇ ಅಲ್ಲ, ಒಂದು ಗಳಿಗೆ ಕೈಗಡ ಕೊಟ್ಟು ವಾಪಸ್ಸು ಪಡೆಯುವುದು. ಹತ್ತು ಪದ ಬಂದರೆ ಬೀದಿಯ ಹತ್ತು ಬಾಗಿಲಿಗೆ ಹಿಂದೆ ಕೊಡಬಹುದು. ಪಕ್ಕದ ಮನೆಯವಳಿಗೆ ಅವಳ ಕೂಸನ್ನು ಕೊಡಬಹುದು. ಹೀಗೆ ಲೆಕ್ಕ ಹಾಕಿ ಅವಳು ಸೆರಗು ಹೊದ್ದು ಹೊರಟಳು. ಗಂಡನಿಗೆ ಹೇಳಬೇಕೆನಿಸಲಿಲ್ಲ. ಹೇಳಿದರೆ ಅವನ ಎದೆಯ ಮೇಲೆ ಇನ್ನೊಂದು ಕಲ್ಲು.

ದರದವನು ಅವಳನ್ನು ಕಂಡು ಎದ್ದು ನಿಂತ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಸೋಲಿನ ಮೇಲೆ," ಎಂದಳು. "ಉಪ್ಪು."

"ಒಂದಕ್ಕೆ ಹತ್ತು ಕೊಡಬೇಕಾದರೆ ಹಗುರದ ಪದ ನಡೆಯೋದಿಲ್ಲ ತಾಯಿ. ತೂಕದ್ದು ಬೇಕು."

"ಮಗ್ಗ."

ಅವನು ಸಾಲದೆಂದು ತಲೆಯಾಡಿಸಿದ. ಅವಳು ಕಾಲಬೆರಳು ನೋಡುತ್ತ ನಿಂತಳು. ಆಮೇಲೆ, ಹೇಗೂ ನಾಳೆ ಸಂಜೆಗೆ ಮನೆಗೆ ಬರುವುದಲ್ಲ ಎಂದುಕೊಂಡು, ಹೇಳಿದಳು:

"ನಾವು."

ದರದವನು ಆ ಪದವನ್ನು ಕೈಯಲ್ಲಿ ಹಿಡಿದು ತೂಗಿದಂತೆ ಮಾಡಿದ. "ಇದು ಸರಿ," ಎಂದ. "ನಾಳೆ ಕಲ್ಲಿನ ಮೇಲಿಂದ ಇದನ್ನೂ ಕೂಗ್ತಾರೆ, ಗೊತ್ತಲ್ಲ?"

ಅವಳಿಗೆ ಅದು ನೆನಪೇ ಇರಲಿಲ್ಲ. ಆದರೆ ಪದ ಆಗಲೇ ಅವನ ಕೈಯಲ್ಲಿತ್ತು.

ಆಟದ ದಿನ ಊರೆಲ್ಲ ಅಂಕಣದ ಸುತ್ತ ನೆರೆದಿತ್ತು. ಇಷ್ಟು ಜನ ಸೇರಿದರೂ ಗದ್ದಲವಿಲ್ಲ. ಇದ್ದಬದ್ದ ಪದಗಳನ್ನೆಲ್ಲ ಕಟ್ಟಿ ಬಂದವರು ಬರಿಗಂಟಲಲ್ಲಿ ನಿಂತಿದ್ದರು. ಅತ್ತೆಯೂ ಬಂದಿದ್ದಳು, ಯಾರ ಕೈಯನ್ನೂ ಹಿಡಿಯದೆ ಗೋಡೆಗಳನ್ನು ತಡವಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಎರಡೂ ಕಡೆಯವರು ಸರಿಸಮವಾಗಿ ಆಡಿದರು. ಕೊನೆಗೆ ಒಂದೇ ದಾಟು ಉಳಿಯಿತು.

ಗೆರೆ ದಾಟುವವನು ಗೆರೆಯ ಬಳಿ ಬಂದು ನಿಂತ. ಕೂಗುವವನು ಕಲ್ಲು ಹತ್ತಿದ.

"ಗಾಣದವನು, ಬೆಲ್ಲ!"

"ಪಕ್ಕದ ಮನೆಯವಳು, ಕೂಸು!"

"ಮಡಕೆ ಮಾಡುವವನು, ಬೆಂಕಿ!"

ಒಂದೊಂದು ಪದಕ್ಕೂ ಅವನ ಹೆಗಲು ಕೂದಲೆಳೆಯಷ್ಟು ಇಳಿಯುತ್ತಿದ್ದದ್ದನ್ನು ನೇಯುವವಳು ಕಂಡಳು. ಬೀದಿ ಬೀದಿಯೇ ಆ ಕಲ್ಲಿನ ಮೇಲಿಂದ ಅವನ ಮೇಲೆ ಇಳಿಯಿತು. ಕೊನೆಗೆ ಕೂಗುವವನು ತಡೆದ. ಒಮ್ಮೆ ಕೆಳಗೆ ನೋಡಿದ.

"ಅವನ ತಾಯಿ, ಮಗ!"

ಅದು ಅತ್ತೆಯ ಬಾಯಿಯಲ್ಲಿ ಉಳಿದಿದ್ದ ಕೊನೆಯ ಪದ. ಆ ಬೆಳಿಗ್ಗೆ ಯಾರಿಗೂ ತಿಳಿಯದಂತೆ ಹೋಗಿ ಕಟ್ಟಿ ಬಂದಿದ್ದಳು. ಗೆರೆ ದಾಟುವವನು ತಲೆಯೆತ್ತಿ ತಾಯಿಯನ್ನು ನೋಡಿದ. ದರದವನು ಕೊಡುತ್ತೇನೆಂದದ್ದು ನಿನ್ನೆಯವರೆಗಿನದನ್ನು. ಇದು ಇವತ್ತಿನದು. ಅತ್ತೆ ಅವನಿಗೆ ತಲೆಯಾಡಿಸಿದಳು, ಹೋಗಿ ಬಾ ಎಂಬಂತೆ.

"ಅವನ ಸೋಲಿನ ಮೇಲೆ ಒಬ್ಬರೇ," ಎಂದು ಕೂಗುವವನು ಮುಂದುವರಿಸಿದ. "ನೇಯುವವಳು. ನಾವು!"

ಊರು ಒಟ್ಟಿಗೆ ತಿರುಗಿ ಅವಳನ್ನು ನೋಡಿತು. ಅವಳು ಅವನೊಬ್ಬನನ್ನೇ ನೋಡಿದಳು. ನೀನೇ ಹೇಳಿದ್ದಲ್ಲವೇ, ನೀನೇ ಹೂಂ ಅಂದಿದ್ದಲ್ಲವೇ ಎಂದು ಕಣ್ಣಲ್ಲೇ ಹೇಳಲು ನೋಡಿದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ಕೈಗೂ ತುಂಬಿದ ಬಿಂದಿಗೆ ಕೊಟ್ಟು ಬೆವರು ಒರೆಸಿಕೋ ಎಂದರೆ ಹೇಗೋ ಹಾಗಿತ್ತು ಆ ಮುಖ. ಗೆದ್ದು ಬಂದರೆ ಹೆಂಡತಿಯ ಬಾಯಿಂದ "ನಾವು" ಹೋಗುತ್ತದೆ. ಸೋತು ನಿಂತರೆ ತಾಯಿಯ ಬಾಯಿಂದ ಮಗ ಹೋಗುತ್ತಾನೆ.

ಅವನು ಉಸಿರೆಳೆದು ಗೆರೆ ದಾಟಿದ.

"ಹುತುತುತುತು…"

ಅಂಥ ದಾಟನ್ನು ಊರು ಅದುವರೆಗೆ ಕಂಡಿರಲಿಲ್ಲ. ಅವನು ಎಡಕ್ಕೆ ಬಾಗಿದ, ಬಲಕ್ಕೆ ಹೊರಳಿದ, ಆಚೆಯ ಮೂಲೆಯವರೆಗೂ ಹೋದ. ಒಬ್ಬನನ್ನು ಮುಟ್ಟಿದ. ತಿರುಗಿದ. ಕಾಲಿಗೆ ಬಿದ್ದವನನ್ನು ಜಾಡಿಸಿದ, ಸೊಂಟ ಹಿಡಿದವನನ್ನು ಎಳೆದುಕೊಂಡೇ ಬಂದ. ಹುತುತುತುತು ಎಂಬ ದನಿ ತೆಳುವಾಗುತ್ತ, ನೂಲಿನಂತಾಗುತ್ತ, ಹರಿಯದೆ ಬಂತು. ಗೆರೆಗೆ ಒಂದು ಗೇಣು ಇತ್ತು. ಚಾಚಿದ ಬೆರಳಿಗೂ ಗೆರೆಗೂ ಒಂದೇ ಗೇಣು.

ಅಲ್ಲಿ ದನಿ ನಿಂತಿತು.

ಅವನು ಮಣ್ಣಿಗೆ ಮುಖವಿಟ್ಟು ಬಿದ್ದಿದ್ದ. ಅವನ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಬಹಳ ದಿನಗಳ ಮೇಲೆ ಅವನು ಪೂರ್ತಿ ಉಸಿರು ಬಿಡುವುದನ್ನು ಅವಳು ಕಂಡಳು.

ಸುತ್ತ ನಿಂತವರು ಬಾಯಿ ತೆರೆದರು, ಮುಚ್ಚಿದರು. ಪದಗಳು ಹೋಗಿಬಿಟ್ಟಿದ್ದವು. ಗಾಣದವನ ಬಾಯಿಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅವನು ಬಂದು, ಬಿದ್ದವನ ತಲೆಯ ಬಳಿ ಕೂತು ಕೇಳಿದ, "ಬೇಕಂತಲೇ ಬಿಟ್ಟೆಯಾ?"

ಗೆರೆ ದಾಟುವವನು ಮುಖ ತಿರುಗಿಸಿದ. ತುಟಿಗೆ ಮಣ್ಣು ಮೆತ್ತಿತ್ತು.

"ಗೊತ್ತಿಲ್ಲ," ಎಂದ.

ನೇಯುವವಳಿಗೆ ಅವಳ "ನಾವು" ಹಿಂದಿರುಗಿತು, ಜೊತೆಗೆ ಆ ದಿನ ಸೋತ ಪದಗಳಲ್ಲಿ ಹತ್ತನ್ನು ಆರಿಸಿಕೊಳ್ಳುವ ಹಕ್ಕು. ಅವಳು ಮೊದಲು ಆರಿಸಿದ್ದು ಮಗ. ಆಮೇಲೆ ಕೂಸು, ಬೆಂಕಿ, ಬೆಲ್ಲ, ಹೀಗೆ. ಬಾಗಿಲು ಬಾಗಿಲಿಗೆ ಹೋಗಿ ಕೊಟ್ಟಳು. ಜನ ತೆಗೆದುಕೊಂಡರು. ಯಾರೂ ಒಳಗೆ ಕರೆಯಲಿಲ್ಲ. ಪಕ್ಕದ ಮನೆಯವಳು ಬಾಗಿಲ ಸಂದಿನಿಂದಲೇ ಪದವನ್ನು ತೆಗೆದುಕೊಂಡು, ತೊಟ್ಟಿಲ ಕಡೆಗೆ ತಿರುಗಿ "ಕೂಸು, ಕೂಸು" ಎಂದು ಒಂದೇ ಸಮನೆ ಅಂದಳು, ಅಳುತ್ತ. ಆಮೇಲೆ ನೇಯುವವಳನ್ನು ನೋಡದೆ ಬಾಗಿಲು ಹಾಕಿದಳು. ಗಂಡನ ಸೋಲಿನ ಮೇಲೆ ಕಟ್ಟಿದವಳು ಎನ್ನಲು ಆ ಬೀದಿಯಲ್ಲಿ ಪದಗಳು ಉಳಿದಿರಲಿಲ್ಲ. ಬಾಗಿಲುಗಳು ಉಳಿದಿದ್ದವು.

ಅತ್ತೆಗೆ ಅವಳು "ಮಗ" ಎಂಬ ಪದವನ್ನು ಕೊಟ್ಟಳು. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿದಳು. ಆಡಲಿಲ್ಲ.

ಮರುದಿನ ಗಂಡ ಹೆಂಡತಿ ಒಟ್ಟಿಗೆ ದರದವನ ಬಳಿ ಹೋದರು. ಅವನು ಚೀಲಗಳ ಬಾಯಿ ಹೊಲಿಯುತ್ತಿದ್ದ. ಈ ಊರಿನಲ್ಲಿ ಇನ್ನು ಅವನಿಗೆ ಕೆಲಸವಿರಲಿಲ್ಲ.

"ಅಮ್ಮನ ಚೀಲ ಕೊಡು," ಎಂದ ಗೆರೆ ದಾಟುವವನು.

"ಬೇಕೆಂದೇ ಉಸಿರು ಬಿಟ್ಟರೆ ಕೊಡ್ತೀನಿ ಅಂದಿದ್ದೆ. ನೀನು ಊರೆದುರು ಗೊತ್ತಿಲ್ಲ ಅಂದೆ. ತಾನಾಗಿ ಹೋದ ಉಸಿರಿಗೆ ನಾನ್ಯಾಕೆ ಬೆಲೆ ಕೊಡಲಿ?"

"ಸೋತದ್ದಂತೂ ನಿಜವಲ್ಲ!" ಎಂದಳು ನೇಯುವವಳು.

"ಸೋಲಿಗೆ ನಿನಗೆ ಕೊಟ್ಟಾಯಿತಲ್ಲ ತಾಯಿ." ಅವನು ದಾರ ಕಚ್ಚಿ ಕಡಿದ. "ಬೇಕೆಂದೇ ಬಿಟ್ಟೆ ಅಂತ ನಿನ್ನ ಗಂಡ ಊರೆದುರು ಹೇಳಲಿ. ಇಲ್ಲೇ ಬಿಚ್ಚಿ ಕೊಡ್ತೀನಿ. ನಾನು ಹೋಗೋ ಮುಂದಿನ ಊರಿನವರು ಬಂದು ನಿಮ್ಮನ್ನು ವಿಚಾರಿಸ್ತಾರೆ. ತಪ್ಪು ಹಲಗೆಯದಲ್ಲ, ಆಡಿದವನದು ಅಂತ ನಿಮ್ಮೂರೇ ಹೇಳಬೇಕು. ಸಂತೆಯ ದಿನ ಬಂಡಿ ಬರ್ತದೆ. ಅಷ್ಟರೊಳಗೆ ಯೋಚನೆ ಮಾಡಿ."

ಗೆರೆ ದಾಟುವವನು ಯೋಚನೆ ಮಾಡಿದ. ಊಟ ಬಿಟ್ಟು ಯೋಚಿಸಿದ. ಅಂಕಣಕ್ಕೆ ಹೋಗಿ, ತಾನು ಬಿದ್ದಿದ್ದ ಜಾಗದಲ್ಲಿ ಹಾಗೇ ಬಿದ್ದು, ಕೈ ಚಾಚಿ ನೋಡಿದ. ಆ ಗೇಣು ನೆಲದಲ್ಲಿ ಏನಾಯಿತೆಂದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ. ಶ್ವಾಸ ಮುಗಿದಿತ್ತೋ, ಮುಗಿಯಲೆಂದು ಒಳಗೆ ಯಾರೋ ಅಂದರೋ. "ತಾಯಿ ಕಣ್ಣಿಗೆ ಬಿದ್ದಳು," ಎಂದ ಹೆಂಡತಿಗೆ, "ಆಮೇಲೆ ನೀನು ಬಿದ್ದೆ. ಆಮೇಲೆ ಮಣ್ಣು."

ಸಂತೆಯ ಬೆಳಿಗ್ಗೆ ಬಂಡಿ ಬಂತು. ಅತ್ತೆ ಹೊರಬಾಗಿಲಲ್ಲಿ ಕೂತಿದ್ದಳು. ಅವನು ಹಿತ್ತಿಲಿಗೆ ಹೋಗಲು ಮರೆತು ಮುಂಬಾಗಿಲಿಗೇ ಬಂದ. ಅತ್ತೆ ಅವನ ಪಂಚೆಯ ಅಂಚು ಹಿಡಿದಳು. ಅಷ್ಟು ದಿನ ತುಟಿಯೊಳಗೆ ಇಟ್ಟುಕೊಂಡಿದ್ದ ಒಂದೇ ಪದವನ್ನು ಹೊರಗೆ ತಂದಳು.

"ಮಗಾ?"

ಗಾಣದವನು ಕೇಳಿದ್ದನ್ನೇ ಅವಳೂ ಕೇಳಿದ್ದಳು. ಒಂದೇ ಪದವಿದ್ದವಳು ಅದರಲ್ಲೇ ಕೇಳಿದ್ದಳು. ಅವನು ಅವಳ ಕೈ ಬಿಡಿಸಿಕೊಂಡು ಬೀದಿಗೆ ಇಳಿದ. ನೇಯುವವಳು ಹಿಂದೆ ಓಡಿದಳು.

"ಬೇಡ, ನಿಲ್ಲು, ನಿಜವೋ ಸುಳ್ಳೋ ತಿಳಿಯದೆ ಹೇಳಬೇಡ."

"ಅವಳು ಇನ್ನೊಂದು ಸಲ ಹಾಗೆ ಕೇಳಿದರೆ ನಾನು ತಡಕೊಳ್ಳಲಾರೆ."

ಅವನು ಕೂಗುವವನ ಕಲ್ಲು ಹತ್ತಿದ. ಸಂತೆಗೆ ಬಂದವರು ಬೆರಳು ತೋರಿಸುವುದನ್ನು ನಿಲ್ಲಿಸಿ ತಿರುಗಿದರು. "ನಾನು ಬೇಕೆಂದೇ ಉಸಿರು ಬಿಟ್ಟೆ," ಎಂದ ದೊಡ್ಡ ದನಿಯಲ್ಲಿ. ಎಲ್ಲರಿಗೂ ಕೇಳಿಸಿತು.

ಬೈಯಲು ಬೇಕಾದ ಪದಗಳು ಅವರಲ್ಲಿ ಇರಲಿಲ್ಲ. ಅವರು ಬಗ್ಗಿ ಅಂಕಣದ ಮಣ್ಣನ್ನು ಎತ್ತಿಕೊಂಡರು. ಗಾಣದವನು ಎಸೆದ, ಮಡಕೆ ಮಾಡುವವನು ಎಸೆದ, ಆಮೇಲೆ ಎಲ್ಲರೂ. ಸದ್ದಿಲ್ಲದೆ ಎಸೆದರು. ಮಣ್ಣು ಮೈಗೆ ಬಡಿಯುವ ಸದ್ದು ಮಾತ್ರ. ಅವನು ಕೈ ಅಡ್ಡ ಹಿಡಿಯಲಿಲ್ಲ. ದರದವನು ಒಂದು ಚಿಕ್ಕ ಚೀಲದ ಹೊಲಿಗೆ ಬಿಚ್ಚಿ, ಕೊಡವಿ, ಬಂಡಿ ಹತ್ತಿ, ಎತ್ತುಗಳನ್ನು ಹೊಡೆದ.

ಗಂಡ ಹೆಂಡತಿ ಮನೆಗೆ ಬರುವ ಹೊತ್ತಿಗೆ ಅತ್ತೆ ಎದ್ದು ನಿಂತಿದ್ದಳು. ಅವಳ ಬಾಯಿಯಿಂದ ಪದಗಳು ಒಂದರ ಮೇಲೊಂದು ಉರುಳುತ್ತಿದ್ದವು. ಜಗಲಿ, ಹೊಸ್ತಿಲು, ಹುಣಿಸೆ, ಕಂಬಳಿ, ಮಳೆ. ಮಳೆ ಎಂದಾಗ ನೇಯುವವಳ ಮೈ ತಣ್ಣಗಾಯಿತು. ಅತ್ತೆ ಮಣ್ಣಾಗಿ ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಕಲ್ಲಿನ ಮೇಲಿಂದ ಹೇಳಿದ ಮಾತು ಬೀದಿ ದಾಟಿ ಅವಳಿಗೂ ಕೇಳಿಸಿತ್ತು.

"ಬಿಸಿನೀರು ಕಾಯಿಸೇ," ಎಂದಳು ಸೊಸೆಗೆ. "ಮೈಯೆಲ್ಲ ಮಣ್ಣಾಗಿದೆ."

ಅವಳೇ ನೀರು ಹೊಯ್ದಳು. ಬೆನ್ನು ತಿಕ್ಕಿದಳು, ಕಿವಿಯ ಹಿಂದಿನ ಮಣ್ಣ‌ನ್ನು ಬೆರಳಿಂದ ತೆಗೆದಳು. ಸಾರಿನ ಬಗ್ಗೆ ಮಾತಾಡಿದಳು, ಸೂರಿನ ಬಗ್ಗೆ ಮಾತಾಡಿದಳು, ಕುದುರೆಯ ಬಯಲಿನಲ್ಲಿ ಓಟ ಮತ್ತೆ ಶುರುವಾದರೆ ಹೋಗಬೇಕೆಂದು ಹೇಳಿದಳು. ದಿನಗಳು ಹೋದವು. ಅವಳು ಎಲ್ಲದರ ಬಗ್ಗೆಯೂ ಮಾತಾಡಿದಳು. ಮಾತಿನ ನಡುವೆ ಒಂದು ಜಾಗಕ್ಕೆ ಬಂದಾಗ ಮಾತ್ರ ಒಂದು ಕ್ಷಣ ತಡೆದು, ಸುತ್ತು ಬಳಸಿ ಆಚೆ ಹೋಗುತ್ತಿದ್ದಳು. ಆ ಪದ ಅವಳ ಬಾಯಿಯಲ್ಲಿ ಇದೆ ಎಂದು ನೇಯುವವಳಿಗೆ ಗೊತ್ತಿತ್ತು. ಅವಳೇ ತಂದು ಕೊಟ್ಟಿದ್ದಳು.

ಒಂದು ಸಂಜೆ ಅವಳು ಗಂಡನನ್ನು ಕೇಳಿದಳು. "ನನ್ನ ಹತ್ತಿರವಾದರೂ ಹೇಳು. ಬೇಕೆಂದೇ ಬಿಟ್ಟೆಯಾ?"

ಅವನು ತನ್ನ ಅಂಗೈ ನೋಡಿಕೊಂಡ. "ಆಗ ಗೊತ್ತಿರಲಿಲ್ಲ," ಎಂದ. "ಈಗ ಹೇಳಿಬಿಟ್ಟಿದ್ದೀನಲ್ಲ. ಈಗ ಹೌದೇ ಇರಬೇಕು."

ಒಳಗೆ ಎಲೆ ಹಾಕುವ ಸದ್ದು, ಲೋಟ ಇಡುವ ಸದ್ದು. ಆಮೇಲೆ ಅತ್ತೆಯ ದನಿ ಬಾಗಿಲವರೆಗೆ ಬಂದು, ತಡೆದು, ಹೊರಗೆ ಬಂತು.

"ಇವನೇ, ಏಳು. ಊಟ ಆರ್ತದೆ."

ಅವನು "ಹೂಂ" ಎಂದು ಎದ್ದು ಒಳಗೆ ಹೋದ.